ಮುಲಿಯೆನ್ ಪ್ರಬಂಧವೂ ಚೀನೀಯರ ಪ್ರೇತೋತ್ಸವವೂ

ಚೀನೀಯರು ತಮ್ಮ ಏಳನೆಯ ಚಾಂದ್ರಮಾಸದ ಹುಣ್ಣಿಮೆಯಲ್ಲಿ ಪಿತೃಗಳಿಗೂ ದಿಕ್ಕಿಲ್ಲದ ಪ್ರೇತಗಳಿಗೂ ಅನ್ನವಿಡುವ ಪದ್ಧತಿಯ ವಿಷಯವಾಗಿ ನಮ್ಮವರ ಮಾತುಕತೆಯಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುವುದುಂಟು. ಅದು ಬರಿಯ ಭಯದ ಪೂಜೆ, ಕಾಟಕೊಡುವ ದೆವ್ವಗಳಿಗೆ ತೆರುವ ಲಂಚ ಎಂಬುದು ಒಂದು. ನಮ್ಮ ಪಿತೃಪಕ್ಷವೇ ಬೌದ್ಧಭಿಕ್ಷುಗಳ ಜೋಳಿಗೆಯಲ್ಲಿ ಕುಳಿತು ಗಡಿಗಳನ್ನು ದಾಟಿಹೋಗಿ ಅಲ್ಲಿ ವೇಷ ಬದಲಿಸಿತು ಎಂಬುದು ಇನ್ನೊಂದು. ಈ ಎರಡನೆಯದನ್ನು ತರಗತಿಯಲ್ಲಿ ವರ್ಷವರ್ಷವೂ ಹುಡುಗರಿಗೆ ಹೇಳುತ್ತ ಬಂದವರಲ್ಲಿ ನಾನೂ ಒಬ್ಬನು. ವೃತ್ತಿಯಿಂದ ಬಿಡುವು ದೊರೆತ ಮೇಲೆ, ಆ ಹಬ್ಬಕ್ಕೆ ಮೂಲವಾದ ಗ್ರಂಥವನ್ನೂ ಅದರಿಂದ ಹುಟ್ಟಿದ ಕಥಾಪ್ರಬಂಧವನ್ನೂ ಓದಲು ಅವಕಾಶವಾಯಿತು. ಚೀನೀ ಭಾಷೆ ನನಗೆ ಬಾರದು. ವಿಕ್ಟರ್ ಮೇರ್ ಎಂಬ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭಾಷಾಂತರವೇ ನನಗೆ ಊರುಗೋಲು. ಓದಿದ ಮೇಲೆ ನನ್ನ ಹಳೆಯ ಪಾಠವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿದೆ. ಆ ಕಾರಣವನ್ನೂ, ಈ ಪ್ರಬಂಧವು ಕಾವ್ಯವೆಂಬ ದೃಷ್ಟಿಯಿಂದ ಎಷ್ಟರಮಟ್ಟಿನದು ಎಂಬುದನ್ನೂ ವಾಚಕರ ಮುಂದಿಡುತ್ತೇನೆ.

ಮೊದಲು ಪದ್ಧತಿಯ ಸ್ಥೂಲರೂಪ. ಏಳನೆಯ ತಿಂಗಳ ಪಾಡ್ಯದಂದು ಪಾತಾಳದ ಬಾಗಿಲು ತೆರೆಯುವುದೆಂದೂ ತಿಂಗಳ ಕೊನೆಯಲ್ಲಿ ಮುಚ್ಚುವುದೆಂದೂ ಜನರ ನಂಬಿಕೆ. ನಡುವಣ ಹುಣ್ಣಿಮೆಯು ಬೌದ್ಧರಿಗೆ ಯುಲಾನ್‌ಪೆನ್, ತಾವೋ ಮತದವರಿಗೆ ಭೂಮಿಯ ಅಧಿಕಾರಿದೇವತೆಯು ಪಾಪಗಳನ್ನು ಕ್ಷಮಿಸುವ ಜೋಂಗ್‌ಯುವಾನ್. ಮನೆಯ ಹಿರಿಯರಿಗೆ ಒಳಗಡೆ, ಹೆಸರು ಬರೆದ ಫಲಕದ ಮುಂದೆ, ಬಟ್ಟಲು ಕಡ್ಡಿಗಳೊಡನೆ ಬೇಯಿಸಿದ ಊಟ. ಹೆಸರು ಕರೆಯುವವರಿಲ್ಲದೆ ಅಲೆಯುವವರಿಗೆ ಬಾಗಿಲಿನ ಹೊರಗೆ ಹಾಕಿದ ಮೇಜಿನ ಮೇಲೆ ಬೇರೆ ಎಡೆ. ತೈವಾನ್ ದ್ವೀಪದಲ್ಲಿ ಆ ಮೇಜಿನ ಬಳಿ ಒಂದು ಬೋಗುಣಿ ನೀರನ್ನೂ ಕೈವಸ್ತ್ರವನ್ನೂ ಇಡುತ್ತಾರೆ; ದೂರದಿಂದ ಬಂದವರು ಮುಖ ತೊಳೆದು ಉಣ್ಣಲಿ ಎಂದು. ಕಾಗದದ ಹಣವನ್ನೂ ಬಟ್ಟೆಯನ್ನೂ ಸುಡುವುದು, ನೀರಿನಲ್ಲಿ ದೀಪ ತೇಲಿಬಿಡುವುದು, ಸಿಂಗಪುರ ಮೊದಲಾದ ಕಡೆ ಆಟವಾಡಿಸಿ ಮುಂದಿನ ಸಾಲಿನ ಕುರ್ಚಿಗಳನ್ನು ಬರಿದಾಗಿ ಬಿಡುವುದು, ಇವೆಲ್ಲ ಇದರ ಅಂಗಗಳು. ಏಪ್ರಿಲ್ ಮೊದಲಲ್ಲಿ ಬರುವ ಛಿಂಗ್‌ಮಿಂಗ್ ಬೇರೆ. ಅಂದು ತಮ್ಮ ತಮ್ಮವರ ಸಮಾಧಿಗಳನ್ನು ಗುಡಿಸಿ ಪೂಜಿಸುತ್ತಾರೆ, ಅನ್ಯರ ಗೊಡವೆ ಅಷ್ಟಿಲ್ಲ. ಏಳನೆಯ ತಿಂಗಳ ವಿಶೇಷವು ಅನ್ಯರಿಗೂ ಎಡೆ ಹಾಕುವುದರಲ್ಲಿದೆ.

ಇದಕ್ಕೆ ಆಧಾರವೆಂದು ಹೇಳುವ ಯುಲಾನ್‌ಪೆನ್ ಸೂತ್ರವು ಬಹು ಸಣ್ಣದು. ಚೀನೀ ಲಿಪಿಯಲ್ಲಿ ಸುಮಾರು ಎಂಟು ನೂರು ಅಕ್ಷರಗಳು. ಮೂರನೆಯ ಶತಮಾನದ ಧರ್ಮರಕ್ಷನು ಭಾಷಾಂತರಿಸಿದನೆಂದು ಪ್ರತೀತಿ. ಸಂಸ್ಕೃತಮೂಲವು ದೊರೆತಿಲ್ಲವಾದುದರಿಂದ ಚೀನಾದಲ್ಲಿಯೇ ಹುಟ್ಟಿತೆಂದು ವಾದಿಸುವವರೂ ಇದ್ದಾರೆ. ಆರನೆಯ ಶತಮಾನದ ಹೊತ್ತಿಗೆ ಹಬ್ಬವು ನೆಲೆಯೂರಿತ್ತು. ಯೆನ್ ಝಿತುಯಿ ಎಂಬ ಪಂಡಿತನು ತನ್ನ ಮಕ್ಕಳಿಗೆ ಬರೆದಿಟ್ಟ ಗೃಹೋಪದೇಶದಲ್ಲಿ, ತಾನು ಸತ್ತ ಮೇಲೆ ಏಳನೆಯ ತಿಂಗಳ ನಡುವೆ ಈ ಎಡೆಯನ್ನು ಮರೆಯಬೇಡಿರೆಂದು ಕೇಳಿಕೊಂಡಿದ್ದಾನೆ. ಸೂತ್ರದ ಕಥೆ ಇಷ್ಟು: ಬುದ್ಧಶಿಷ್ಯನಾದ ಮೌದ್ಗಲ್ಯಾಯನನು, ಚೀನೀಯರ ಬಾಯಲ್ಲಿ ಮುಲಿಯೆನ್, ದಿವ್ಯದೃಷ್ಟಿಯನ್ನು ಪಡೆದು ನೋಡಲಾಗಿ, ಅವನ ತಾಯಿಯು ಹಸಿದ ಪ್ರೇತವಾಗಿ ಚರ್ಮ ಮೂಳೆಯಾಗಿದ್ದಳು. ಅವನು ಪಾತ್ರೆಯಲ್ಲಿ ಅನ್ನವನ್ನು ಕೊಂಡುಹೋಗಿ ಕೊಟ್ಟನು. ಅನ್ನವು ಬಾಯಿ ಸೇರುವ ಮೊದಲೇ ಕೆಂಡವಾಯಿತು. ಮಗನು ಅತ್ತು ಬುದ್ಧನಲ್ಲಿಗೆ ಓಡಿದನು. ಒಬ್ಬನಿಂದ ಇದು ಆಗದು, ಭಿಕ್ಷುಗಳು ವರ್ಷಾವಾಸವನ್ನು ಮುಗಿಸುವ ಈ ಹುಣ್ಣಿಮೆಯಂದು ಸಂಘಕ್ಕೆಲ್ಲ ಅನ್ನವನ್ನಿಕ್ಕು, ಅವರ ಒಟ್ಟುಬಲದಿಂದ ನಿನ್ನ ತಾಯಿಗೂ ಏಳು ತಲೆಯ ಹಿರಿಯರಿಗೂ ಬಿಡುಗಡೆ ಎಂದು ಬುದ್ಧನ ಅಪ್ಪಣೆಯಾಯಿತು.

ಇಲ್ಲಿಯೇ ನನ್ನ ಹಳೆಯ ಪಾಠದ ತಪ್ಪು ತೋರುತ್ತದೆ. ಆ ಹುಣ್ಣಿಮೆ ಬಹುಮಟ್ಟಿಗೆ ನಮ್ಮ ಶ್ರಾವಣದ ಹುಣ್ಣಿಮೆ. ನಮ್ಮ ಪಿತೃಪಕ್ಷವಾದರೋ ಭಾದ್ರಪದದ ಕೃಷ್ಣಪಕ್ಷ. ತಿಥಿಯು ಭಿಕ್ಷುಗಳ ಮಳೆಗಾಲದ ವ್ರತದಿಂದ ಬಂದದ್ದು, ಪಿತೃಗಳ ಪಂಚಾಂಗದಿಂದ ಬಂದದ್ದಲ್ಲ. ಇನ್ನು ಹೆಸರು. ಏಳನೆಯ ಶತಮಾನದ ಚೀನೀ ಕೋಶಕಾರ ಷುವಾನ್‌ಯಿಂಗನು ಯುಲಾನ್‌ಪೆನ್ ಎಂಬುದಕ್ಕೆ ತಲೆಕೆಳಗಾಗಿ ತೂಗುವುದು ಎಂದು ಅರ್ಥ ಹೇಳಿದನು. ಅದನ್ನು ಹಿಡಿದು ಈಚಿನ ಪಂಡಿತರು ಉಲ್ಲಂಬನ, ಅವಲಂಬನ ಎಂದು ಸಂಸ್ಕೃತರೂಪಗಳನ್ನು ಕಟ್ಟಿದರು. ಅದನ್ನು ಓದಿದಾಗ ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಆದ ಹಿಗ್ಗನ್ನು ಹೇಳಿ ಪೂರೈಸದು. ಆದಿಪರ್ವದ ಜರತ್ಕಾರುವಿನ ಕಥೆ ಕೂಡಲೇ ನೆನಪಾಯಿತು: ಸಂತಾನವಿಲ್ಲದ ಕಾರಣ ಅವನ ಪಿತೃಗಳು ಹಳ್ಳದಲ್ಲಿ ಒಂದು ಹುಲ್ಲಿನ ಬುಡವನ್ನು ಹಿಡಿದು ತಲೆಕೆಳಗಾಗಿ ತೂಗುತ್ತಿದ್ದಾರೆ, ಆ ಬೇರನ್ನು ಇಲಿ ಕಡಿಯುತ್ತಿದೆ. ಇಷ್ಟು ಸೊಗಸಾದ ಹೊಂದಿಕೆಯನ್ನು ಯಾರು ತಾನೆ ಬಿಟ್ಟುಕೊಟ್ಟಾರು?

ಆದರೆ ಬಿಟ್ಟುಕೊಡಬೇಕಾಗಿದೆ. ಜಪಾನಿನ ವಿದ್ವಾಂಸ ಕರಾಶಿಮ ಸೇಯಿಶಿಯವರು 2013ರಲ್ಲಿ ಇದನ್ನು ಬೇರೆ ರೀತಿಯಿಂದ ಬಿಡಿಸಿದರು. ಯುಲಾನ್ ಎಂಬುದು ಓದನ ಶಬ್ದದ ಪ್ರಾಕೃತರೂಪ. ದಕಾರವು ಲಕಾರವಾಗುವುದನ್ನು ಪ್ರಾಕೃತ ಬಲ್ಲವರು ಅರಿಯರೆ? ಪೆನ್ ಎಂಬುದು ಪಾತ್ರೆಗೆ ಚೀನೀ ಮಾತು. ಎಂದರೆ ಅನ್ನದ ಪಾತ್ರೆ. ಸೂತ್ರದಲ್ಲಿಯೇ ಭಕ್ಷ್ಯಭೋಜ್ಯಗಳನ್ನು ಯುಲಾನ್‌ಪೆನ್ನಿನ ಒಳಗೆ ಇಡತಕ್ಕದ್ದೆಂಬ ವಾಕ್ಯವಿದೆ. ತಲೆಕೆಳಗಾಗಿ ತೂಗುವುದರ ಒಳಗೆ ಏನನ್ನು ಇಡುವುದು? ಈ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಜರತ್ಕಾರುವಿನ ಕಥೆ ಅದರ ಸ್ಥಳದಲ್ಲಿ ಚೆನ್ನಾಗಿಯೇ ಇದೆ. ಅದನ್ನು ಇಲ್ಲಿಗೆ ಎಳೆದು ತಂದದ್ದು ನಮ್ಮ ಅಭಿಮಾನ. ಆ ಅಭಿಮಾನದಿಂದ ಆದ ನಷ್ಟವೇನೆಂದರೆ, ಕಥೆಯ ನಡುಮಧ್ಯದಲ್ಲಿದ್ದ ಅನ್ನದ ಬಟ್ಟಲನ್ನು ನಾವು ನೋಡಲೇ ಇಲ್ಲ.

ಆ ಬಟ್ಟಲನ್ನು ಈಗ ನೋಡೋಣ. ಸೂತ್ರಕಾರನು ಒಣಮಾತಿನವನು, ತಾಯಿಯ ಹೆಸರು ಹೇಳುವುದಿಲ್ಲ, ಪಾಪದ ಬೇರು ಆಳವಾಗಿದೆ ಎಂಬುದರ ಹೊರತು ಅವಳು ಮಾಡಿದ್ದೇನೆಂಬುದನ್ನೂ ಹೇಳುವುದಿಲ್ಲ. ಆದರೆ ಒಂದು ಚೇಷ್ಟೆಯನ್ನು ಮಾತ್ರ ಕಂಡು ಬರೆದಿದ್ದಾನೆ. ಮಗನು ಕೊಟ್ಟ ಪಾತ್ರೆಯನ್ನು ತೆಗೆದುಕೊಂಡವಳು ಎಡಗೈಯನ್ನು ಪಾತ್ರೆಗೆ ಅಡ್ಡವಾಗಿಟ್ಟು ಬಲಗೈಯಿಂದ ತುತ್ತು ಮಾಡುತ್ತಾಳೆ. ಸುತ್ತಲೂ ಅವಳಂತೆಯೇ ಹಸಿದವರಿದ್ದಾರೆ. ಅವರು ಕಸಿದಾರೆಂಬ ಅಂಜಿಕೆ. ಅನ್ನವು ಕೆಂಡವಾಗುವುದು ಈ ಎಡಗೈಯ ಅನಂತರ. ಇದನ್ನು ಬಿಟ್ಟರೆ ಉಳಿದ ಸೂತ್ರವು ವಿಧಿವಾಕ್ಯಗಳ ಕಂತೆ.

ಈ ಎಡಗೈಗೆ ಒಂದು ಬಾಳನ್ನು ಕಟ್ಟಿಕೊಟ್ಟದ್ದು ಮುಲಿಯೆನ್ ಪ್ರಬಂಧ. ಇದು ಬಿಯೆನ್‌ವೆನ್ ಎಂಬ ಜಾತಿಯ ರಚನೆ. ಗದ್ಯವೂ ಪದ್ಯವೂ ಒಂದಾದ ಮೇಲೊಂದು ಬರುವುದರಿಂದ ನಮ್ಮವರು ಚಂಪುವೆಂದು ತಿಳಿದರೆ ತಪ್ಪಿಲ್ಲ. ಆದರೆ ಆಸ್ಥಾನದ ಚಂಪುವಲ್ಲ, ಚಿತ್ರಪಟವನ್ನು ಬಿಚ್ಚಿ ಜನರಿಗೆ ಕಥೆ ಹೇಳುವವರ ಚಂಪು. ಮುದ್ರಾರಾಕ್ಷಸದ ಮೊದಲಂಕದಲ್ಲಿ ಚಾಣಕ್ಯನ ಗೂಢಚಾರನು ಯಮಪಟವನ್ನು ಹೊತ್ತು ಮನೆಮನೆ ಅಲೆಯುವುದನ್ನು ಓದಿದವರಿಗೆ ಈ ಕಸುಬು ಅಪರಿಚಿತವಲ್ಲ. ಪ್ರಬಂಧದ ಹಸ್ತಪ್ರತಿಗಳು ಮರುಭೂಮಿಯ ಅಂಚಿನ ದುನ್‌ಹುವಾಂಗದಲ್ಲಿ, 1900ರಲ್ಲಿ ಬೆಳಕಿಗೆ ಬಂದ ಒಂದು ಗುಹೆಯಲ್ಲಿ ದೊರೆತವು. ಈಗ ಲಂಡನ್ನಿನಲ್ಲಿರುವ ಪ್ರತಿಯನ್ನು ಬರೆದ ವರ್ಷ 921. ಬರೆದವನು ಅಲ್ಲಿನ ಒಂದು ವಿಹಾರದ ಪಾಠಶಾಲೆಯ ವಿದ್ಯಾರ್ಥಿ. ಇಂಥ ಪ್ರತಿಗಳಲ್ಲಿ ತಪ್ಪಕ್ಷರಗಳು ಹೇರಳವೆಂದು ಪಂಡಿತರು ಗೊಣಗುತ್ತಾರೆ. ಹುಡುಗರ ಕೈಬರಹ ತಿದ್ದಿ ಕಣ್ಣು ಮಂಜಾದವನಾದ ನಾನು ಗೊಣಗಲಾರೆ. ಅವನು ಬರೆಯದೆ ಇದ್ದಿದ್ದರೆ ನಾವು ಓದುತ್ತಿರಲಿಲ್ಲ.

ಪ್ರಬಂಧದಲ್ಲಿ ತಾಯಿಗೆ ಹೆಸರು ಬಂದಿದೆ, ಚಿಂಗ್‌ಟಿ ಎಂದು. ಮಗನಿಗೂ ಸಂನ್ಯಾಸದ ಹೆಸರಿನ ಹಿಂದೆ ಮನೆಯ ಹೆಸರೊಂದು ಬಂದಿದೆ, ಲುವೊಬು ಎಂದು. ಕೇಳಿದವರಿಗೆ ಮೂಲಂಗಿ ಎಂಬ ಅರ್ಥ ಹೊಳೆಯತಕ್ಕದ್ದು. (ಮುದ್ಗವೆಂದರೆ ನಮಗೆ ಹೆಸರುಕಾಳು, ಚೀನೀ ವ್ಯಾಖ್ಯಾನಕಾರರಲ್ಲಿ ಕೆಲವರ ಕೈಯಲ್ಲಿ ಅದು ಮೂಲಂಗಿಯಾಯಿತು. ಶಬ್ದಗಳ ಪುನರ್ಜನ್ಮವೂ ವಿಚಿತ್ರವೇ.) ಲುವೊಬು ವ್ಯಾಪಾರಕ್ಕೆಂದು ಪರದೇಶಕ್ಕೆ ಹೊರಟಾಗ ಭಿಕ್ಷುಗಳಿಗೂ ಬಡವರಿಗೂ ದಾನಮಾಡೆಂದು ತಾಯಿಯ ಕೈಯಲ್ಲಿ ಹಣವನ್ನಿಟ್ಟು ಹೋದನು. ಅವಳು ಅದನ್ನು ಬಚ್ಚಿಟ್ಟು, ಅವನು ಮರಳಿದಾಗ ದಾನಮಾಡಿದೆನೆಂದು ಸುಳ್ಳು ಹೇಳಿದಳು. ತಂದೆ ತಾಯಿಗಳು ತೀರಿಕೊಂಡ ಮೇಲೆ ಮಗನು ಮೂರು ವರ್ಷ ಶೋಕವ್ರತವನ್ನು ನಡೆಸಿ ಭಿಕ್ಷುವಾದನು. ಸ್ವರ್ಗದಲ್ಲಿ ತಂದೆಯನ್ನು ಕಂಡನು, ತಾಯಿಯನ್ನು ಕಾಣಲಿಲ್ಲ. ಅಲ್ಲಿಂದ ಅವನ ಹುಡುಕಾಟ ಆರಂಭವಾಗುತ್ತದೆ: ಯಮನ ಸಭೆ, ಸತ್ತವರು ದಾಟಬೇಕಾದ ನದಿ, ಕತ್ತಿಯ ಬೆಟ್ಟ, ತಾಮ್ರದ ಕಂಬ. ಈ ನರಕವರ್ಣನೆಗಳು ಉದ್ದವಾಗಿವೆ. ಒಂದನ್ನು ಓದಿದವನು ಮೂರನ್ನು ಊಹಿಸಬಲ್ಲನು. ಚಿತ್ರಪಟವು ಕಣ್ಣೆದುರಿಗಿದ್ದಾಗ ಅವು ಹೀಗೆ ಬೇಸರ ತರಿಸುತ್ತಿರಲಿಲ್ಲವೆಂದು ತೋರುತ್ತದೆ.

ಆದರೆ ಅವೀಚಿಯ ಬಾಗಿಲಿಗೆ ಬಂದೊಡನೆ ಕವಿಯು ಬೇರೆಯೇ ಮನುಷ್ಯನಾಗುತ್ತಾನೆ. ಸೆರೆಯ ಅಧಿಪತಿಯು ಎತ್ತರದ ಗೋಪುರವನ್ನೇರಿ, ಬಾವುಟವನ್ನು ಬೀಸಿ, ಕಬ್ಬಿಣದ ನಗಾರಿಯನ್ನು ಬಡಿದು, ಮೊದಲನೆಯ ಕೋಣೆಯಲ್ಲಿ ಚಿಂಗ್‌ಟಿ ಎಂಬವಳು ಉಂಟೇ ಎಂದು ಕೂಗುತ್ತಾನೆ. ಇಲ್ಲ. ಬಾವುಟದ ಬಣ್ಣ ಬದಲಾಗುತ್ತದೆ, ಎರಡನೆಯ ಕೋಣೆ, ಇಲ್ಲ. ಹೀಗೆ ಆರು ಕೋಣೆಗಳು. ಏಳನೆಯದರಲ್ಲಿ ಅವಳಿದ್ದಾಳೆ, ನಲವತ್ತೊಂಬತ್ತು ಉದ್ದನೆಯ ಮೊಳೆಗಳಿಂದ ಕಬ್ಬಿಣದ ಮಂಚಕ್ಕೆ ಬಡಿಯಲ್ಪಟ್ಟಿದ್ದಾಳೆ. ಆದರೂ ಓಗೊಡುವುದಿಲ್ಲ. ಮತ್ತೆ ಕೂಗಿದ ಮೇಲೆ ಒಪ್ಪಿಕೊಳ್ಳುತ್ತಾಳೆ. ಮೊದಲೇ ಏಕೆ ಓಗೊಡಲಿಲ್ಲವೆಂದು ಕೇಳಿದರೆ, ಇದಕ್ಕಿಂತ ಕಠಿನವಾದ ಬೇರೆ ಕಡೆಗೆ ಒಯ್ಯುವರೆಂದು ಹೆದರಿದೆ ಎನ್ನುತ್ತಾಳೆ. ಬಾಗಿಲಲ್ಲಿ ಒಬ್ಬ ಭಿಕ್ಷುವು ಬಂದು ನಿನ್ನ ಮಗನೆಂದು ಹೇಳಿಕೊಳ್ಳುತ್ತಿದ್ದಾನೆ ಎಂದು ಅವನು ತಿಳಿಸುತ್ತಾನೆ. ಅವಳು ಬಹಳ ಹೊತ್ತು ಯೋಚಿಸಿ ಕೊಡುವ ಉತ್ತರವೇನು? ತನಗೆ ಸಂನ್ಯಾಸಿಯಾದ ಮಗನಿಲ್ಲ, ತಪ್ಪಾಗಿರಬೇಕು ಎಂದು! ಅಧಿಪತಿಯು ಗೋಪುರವನ್ನಿಳಿದು ಬಂದು, ಸ್ವಾಮಿ, ತಾವು ಅನ್ಯಳನ್ನು ತಾಯಿಯೆಂದು ಭ್ರಮಿಸಿದ್ದೀರಿ ಎನ್ನುತ್ತಾನೆ. ಆಗ ಮುಲಿಯೆನ್ ತನ್ನ ಮನೆಯ ಹೆಸರನ್ನು ಹೇಳುತ್ತಾನೆ: ಅವರು ಬದುಕಿದ್ದಾಗ ನಾನು ಲುವೊಬು. ಆ ಮಾತನ್ನು ಅವಳಿಗೆ ಮುಟ್ಟಿಸಿದ ಮೇಲೆ, ಲುವೊಬು ಎಂಬವನಾದರೆ ಅವನು ನನ್ನ ಮಗನೇ ಎಂದು ಅವಳ ಬಾಯಿಂದ ಬರುತ್ತದೆ.

ಅಭಿಜ್ಞಾನದ ಸಂನಿವೇಶಗಳು ನಮ್ಮ ಸಾಹಿತ್ಯದಲ್ಲಿ ಎಷ್ಟೋ ಇವೆ. ಉಂಗುರವೋ ಮಚ್ಚೆಯೋ ಗುರುತಾಗಿ ಬರುತ್ತದೆ. ಇಲ್ಲಿ ಗುರುತು ಅಡುಗೆಮನೆಯ ಒಂದು ಗೆಡ್ಡೆಯ ಹೆಸರು. ಮಗನು ತಾಯಿಯನ್ನು ಉದ್ಧರಿಸಲು ಗಳಿಸಿದ ಭಿಕ್ಷುತ್ವವೇ, ಅರ್ಹತ್ತ್ವವೇ, ಅವಳ ಗುರುತಿಗೆ ಅಡ್ಡಬಂದಿತು. ಒಂದು ಕ್ಷಣದ ಮಟ್ಟಿಗೆ ಅವಳು ಯಾರೂ ಇಲ್ಲದ ಪ್ರೇತ, ಅವನು ಯಾರ ಮಗನೂ ಅಲ್ಲದ ಭಿಕ್ಷು. ಮುಂದೆ ಅವನು ತಾಯಿಯ ಶಿಕ್ಷೆಯನ್ನು ತಾನು ಅನುಭವಿಸುವೆನೆಂದು ಬೇಡಿದರೆ, ತೀರ್ಪು ಯಮನದು, ತಾಯಿಯ ಪಾಪ ತಾಯಿಗೆ ಎಂದು ಅಧಿಪತಿಯು ಹೇಳಿ ಅವಳನ್ನು ಒಳಕ್ಕೆ ಕರೆದೊಯ್ಯುತ್ತಾನೆ. ಈ ಪ್ರಬಂಧವನ್ನು ಮಾತೃಭಕ್ತಿಯ ನಿದರ್ಶನವೆಂದು ಹೊಗಳುವವರು ಈ ಭಾಗವನ್ನು ಅವಸರದಿಂದ ದಾಟಿಹೋಗುತ್ತಾರೆ. ಮಾತೃಭಕ್ತಿಯೊಂದೇ ಸಾಲದೆಂದು ಕವಿಯು ಹೇಳುತ್ತಿರುವುದು ಇಲ್ಲಿ. ಪೂರ್ವಜರು, ಅಲೆಮಾರಿ ಪ್ರೇತಗಳು ಎಂದು ಪದ್ಧತಿಯು ಒಳಗಿನ ಮೇಜಿಗೂ ಹೊರಗಿನ ಮೇಜಿಗೂ ನಡುವೆ ಎಳೆದ ಗೆರೆ, ಮನೆಯ ಹೆಸರನ್ನು ಹೇಳಿ ಕರೆಯುವವನೊಬ್ಬನು ಉಂಟೇ ಇಲ್ಲವೇ ಎಂಬುದರ ಮೇಲೆ ನಿಂತಿದೆಯೆಂಬುದನ್ನು ಏಳು ಕೋಣೆಗಳ ಈ ಕೂಗು ಕಿವಿಗೆ ಮುಟ್ಟಿಸುವಷ್ಟು ಸ್ಪಷ್ಟವಾಗಿ ಯಾವ ಸ್ಮೃತಿಗ್ರಂಥವೂ ಮುಟ್ಟಿಸಲಾರದು.

ಆಮೇಲೆ ಬುದ್ಧನು ಸ್ವತಃ ಬಂದು ಅವೀಚಿಯನ್ನು ಒಡೆದು, ಅವಳು ಹಸಿದ ಪ್ರೇತವಾಗುವಷ್ಟಕ್ಕೆ ಮೇಲೇರುತ್ತಾಳೆ. ಎಡಗೈ ಈಗ ಬರುತ್ತದೆ. ಇಷ್ಟೆಲ್ಲ ಅನುಭವಿಸಿದ ಮೇಲೂ ಮಗನು ಅನ್ನವನ್ನು ತರುವುದನ್ನು ದೂರದಿಂದ ಕಂಡೊಡನೆ ಅವಳಲ್ಲಿ ಜಿಪುಣತನ ತಲೆಯೆತ್ತುತ್ತದೆ; ಸುತ್ತಲಿನವರು ಆಸೆಪಡಬಾರದು, ಅದು ತನಗೆ ಬಂದದ್ದು. ಅನ್ನ ಬೆಂಕಿಯಾಗುತ್ತದೆ. ಸೂತ್ರದಲ್ಲಿ ಒಂದು ಚೇಷ್ಟೆಯಾಗಿದ್ದುದು ಇಲ್ಲಿ, ಬಚ್ಚಿಟ್ಟ ಹಣದಿಂದ ಮೊದಲ್ಗೊಂಡು, ಒಂದು ಶೀಲವಾಗಿದೆ. ಹುಣ್ಣಿಮೆಯ ಅನ್ನದಾನದಿಂದ ಅವಳು ಪ್ರೇತತ್ವವನ್ನು ಕಳೆದುಕೊಂಡು ರಾಜಗೃಹದ ಬೀದಿಯಲ್ಲಿ ಕರಿಯ ನಾಯಿಯಾಗುತ್ತಾಳೆ. ಮಗನು ಏಳು ಹಗಲು ಏಳು ರಾತ್ರಿ ಸೂತ್ರಪಾರಾಯಣ ಮಾಡಿದ ಮೇಲೆ ಮನುಷ್ಯಳಾಗಿ ಕೊನೆಗೆ ತ್ರಯಸ್ತ್ರಿಂಶ ಸ್ವರ್ಗವನ್ನು ಸೇರುತ್ತಾಳೆ. ನಾಯಿಯಾದದ್ದು ಒಳ್ಳೆಯದೇ, ಒಂದೇ ನೆಗೆತಕ್ಕೆ ಸ್ವರ್ಗಕ್ಕೆ ಹಾರಿಸದೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದ ಕವಿಯ ಸಂಯಮ ಮೆಚ್ಚತಕ್ಕದ್ದು. ಕೊನೆಯ ಪುಟಗಳು ಮಾತ್ರ ಅವಸರದವು.

ಕಥೆಯು ಮುಂದೆ ರಂಗಸ್ಥಳಕ್ಕೆ ಹೋಯಿತು. ಹನ್ನೆರಡನೆಯ ಶತಮಾನದ ಒಂದು ನಗರವರ್ಣನೆಯಲ್ಲಿ, ಕೈಫೆಂಗ್ ರಾಜಧಾನಿಯಲ್ಲಿ ನಟರು ಏಳನೆಯ ತಿಂಗಳ ಸಪ್ತಮಿಯಿಂದ ಹುಣ್ಣಿಮೆಯವರೆಗೆ ಇದನ್ನು ಆಡುತ್ತಿದ್ದರೆಂದಿದೆ. 1582ರಲ್ಲಿ ಝೆಂಗ್ ಝಿಜೆನ್ ಎಂಬವನು ಇದನ್ನು ನೂರು ಪ್ರವೇಶಗಳಷ್ಟು ಬೆಳೆಸಿ ಅಚ್ಚು ಹಾಕಿಸಿದನು. ಅದರಲ್ಲಿ ತಾಯಿಯ ಮುಖ್ಯ ಅಪರಾಧವು ಶಾಕಾಹಾರದ ವ್ರತವನ್ನು ಮುರಿದು ಮಾಂಸ ತಿಂದದ್ದಾಗಿ ಮಾರ್ಪಟ್ಟಿದೆ. ನಾನು ಹುಟ್ಟಿದಂದಿನಿಂದ ಮಾಂಸ ಮುಟ್ಟಿದವನಲ್ಲ; ಆದರೂ ಈ ಬದಲಾವಣೆಯನ್ನು ಒಪ್ಪಲಾರೆ. ಹಸಿದವರಿಂದ ಬಟ್ಟಲನ್ನು ಮರೆಮಾಡಿದವಳಿಗೆ ಅನ್ನ ಕೆಂಡವಾಗುವುದರಲ್ಲಿ ಒಂದು ನ್ಯಾಯವಿದೆ. ತಾನು ಏನನ್ನು ತಿಂದಳೆಂಬುದಕ್ಕೆ ಆ ಶಿಕ್ಷೆಯು ಹೊಂದಿಕೊಳ್ಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸೂತ್ರವು ಹೇಳುವುದು ತಾಯಿಗೂ ಹಿರಿಯರಿಗೂ ಬಿಡುಗಡೆ. ದಿಕ್ಕಿಲ್ಲದವರ ಮಾತೇ ಅಲ್ಲಿಲ್ಲವಲ್ಲ? ನಿಜ. ಆ ಪದ್ಧತಿಗೆ ಇನ್ನೊಂದು ಮೂಲವಿದೆ: ಎಂಟನೆಯ ಶತಮಾನದಲ್ಲಿ ಅಮೋಘವಜ್ರನು ಭಾಷಾಂತರಿಸಿದ ಗ್ರಂಥದಲ್ಲಿ, ಬಾಯಿಂದ ಉರಿಯುಗುಳುವ ಪ್ರೇತವು ಆನಂದನಿಗೆ ಕಾಣಿಸಿಕೊಂಡು ಎಲ್ಲ ಪ್ರೇತಗಳಿಗೂ ಅನ್ನ ಬೇಡಿದ ಕಥೆ. ಎರಡೂ ಒಂದೇ ಹುಣ್ಣಿಮೆಯಲ್ಲಿ ಬಂದು ಕೂಡಿಕೊಂಡವು. ಆದರೆ ಕೂಡಿಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಎಡಗೈಯಿಂದ ಮರೆಮಾಡಿದ ಬಟ್ಟಲಿನ ಸುತ್ತ ನಿಂತಿದ್ದವರಿಗೆ ಏನಾಯಿತು ಎಂದು ಸೂತ್ರಕಾರನು ಕೇಳಲಿಲ್ಲ; ಬಾಗಿಲ ಹೊರಗೆ ಮೇಜು ಹಾಕಿದ ಗೃಹಿಣಿಯರು ಕೇಳಿದರು.

ಭಯದ ವಾದದಲ್ಲಿಯೂ ಸತ್ಯಾಂಶವುಂಟು. ತೈವಾನಿನ ಹಳ್ಳಿಯವರೊಡನೆ ಇದ್ದು 1974ರಲ್ಲಿ ಲೇಖನವನ್ನು ಪ್ರಕಟಿಸಿದ ಆರ್ಥರ್ ವುಲ್ಫ್ ಅವರು, ಜನರು ಪ್ರೇತಗಳನ್ನು ಕಳ್ಳರಿಗೂ ಭಿಕ್ಷುಕರಿಗೂ ಹೋಲಿಸುತ್ತಿದ್ದರೆಂದು ಬರೆಯುತ್ತಾರೆ. ಒಬ್ಬನ ಪಿತೃವು ಇನ್ನೊಬ್ಬನಿಗೆ ಪ್ರೇತವೆಂಬುದನ್ನೂ ಅವರೇ ತೋರಿಸಿದರು. ಆದರೆ ಅದೇ ತೈವಾನಿನಲ್ಲಿ ಈ ಪ್ರೇತಗಳಿಗೆ ಒಳ್ಳೆಯ ಅಣ್ಣತಮ್ಮಂದಿರು ಎಂದು ಹೆಸರು. ಅಂಜಿಕೆಯಿಂದ ಇಟ್ಟ ಹೆಸರೇ ಇರಬಹುದು. ಅಂಜಿದವನು ಬೇರೆ ಹೆಸರನ್ನೂ ಇಡಬಹುದಾಗಿತ್ತು. ಅಲ್ಲಿನ ಉತ್ತರದ ರೇವುಪಟ್ಟಣವಾದ ಕೀಲುಂಗಿನಲ್ಲಿ, ಚೀನಾದ ಎರಡು ಸೀಮೆಗಳಾದ ಝಾಂಗ್‌ಝೌ ಮತ್ತು ಛುವಾನ್‌ಝೌಗಳಿಂದ ಬಂದು ನೆಲಸಿದ್ದವರು 1851ರಲ್ಲಿ ಬಡಿದಾಡಿ ಅನೇಕರು ಸತ್ತರು. ಎಲುಬುಗಳನ್ನು ಒಂದೆಡೆ ಹೂಳಿ, 1855ರಿಂದ ಹನ್ನೊಂದು ಗುಂಪುಗಳಾಗಿ ವಿಂಗಡವಾದ ಮನೆತನಗಳವರು ಸರದಿಯಂತೆ ಈ ಹಬ್ಬವನ್ನು ನಡೆಸತೊಡಗಿದರು. ಸೀಮೆಯ ಹೆಸರಿನಲ್ಲಿ ಹೊಡೆದಾಡಿದವರು ಕುಲನಾಮದ ಸರದಿಯಲ್ಲಿ ಎರಡು ಪಕ್ಷದ ಸತ್ತವರಿಗೂ ಒಂದೇ ಕಡೆ ಎಡೆಯಿಡುತ್ತಾರೆ.

ನಮ್ಮಲ್ಲಿ ತರ್ಪಣದ ಕೊನೆಯಲ್ಲಿ ಬಂಧುಗಳಲ್ಲದವರಿಗೂ ಒಂದು ಬೊಗಸೆ ನೀರು ಬಿಡುವ ವಿಧಿಯಿದೆ. ನಾನು ಅದನ್ನು ಎಷ್ಟೋ ವರ್ಷ, ಎಲೆ ಹಾಕುವ ಹೊತ್ತಾಯಿತೆಂಬ ಆತುರದಲ್ಲಿ, ಬಾಯಿಪಾಠದಿಂದ ಮುಗಿಸಿಬಿಟ್ಟವನು. ಪ್ರೇತ ಎಂದರೆ ನಮಗೆ ಹೊರಟುಹೋದವನು. ಸಪಿಂಡೀಕರಣದಿಂದ ಪಿತೃಗಳ ಸಾಲಿಗೆ ಸೇರುವನು. ಚೀನೀಯರ ಪ್ರಾಚೀನ ನಿಘಂಟು ಅವರ ಗುಯಿ ಶಬ್ದವನ್ನು ಹಿಂದಿರುಗುವವನು ಎಂದು ಬಿಡಿಸುತ್ತದೆ. ಹೊರಟುಹೋದವನಿಗೆ ದಾರಿಯ ಬುತ್ತಿ ಸಾಕು. ಹಿಂದಿರುಗುವವನಿಗೆ ಬೋಗುಣಿ, ಕೈವಸ್ತ್ರ, ಕುರ್ಚಿ ಎಲ್ಲ ಬೇಕು. ಆದುದರಿಂದ ಇವೆರಡು ಪದ್ಧತಿಗಳು ಒಂದೇ ಎಂಬ ನನ್ನ ಹಳೆಯ ಪಾಠ ನಿಲ್ಲುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಹುಟ್ಟಿ 1715ರಲ್ಲಿ ತೀರಿಕೊಂಡ ಪೂ ಸೋಂಗ್‌ಲಿಂಗನೂ ನನ್ನಂತೆ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವನು. ಅವನ ಲಿಯಾವ್‌ಝಾಯ್ ಕಥಾಸಂಗ್ರಹದಲ್ಲಿ ಒಂದು ಚಿಕ್ಕ ಕಥೆಯಿದೆ. ಷೂ ಎಂಬ ಬೆಸ್ತನು ರಾತ್ರಿ ನದಿಯ ದಡದಲ್ಲಿ ಮದ್ಯವನ್ನು ಕುಡಿಯುವ ಮೊದಲು, ನೀರಿನಲ್ಲಿ ಮುಳುಗಿ ಸತ್ತವರೆಲ್ಲ ಕುಡಿಯಲಿ ಎಂದು ನೆಲಕ್ಕೆ ಸುರಿಯುವ ವಾಡಿಕೆಯವನು. ಅವರು ಯಾರೆಂದು ಅವನಿಗೆ ತಿಳಿಯದು. ಒಬ್ಬ ತರುಣನು ಬಂದು ಜೊತೆಗೆ ಕುಡಿಯತೊಡಗುತ್ತಾನೆ. ಹೆಸರು ಕೇಳಿದರೆ, ವಾಂಗ್ ಮನೆತನ, ಆರನೆಯವನೆಂದು ಕರೆದರೆ ಸಾಕು ಎನ್ನುತ್ತಾನೆ. ಅವನು ಮುಳುಗಿ ಸತ್ತ ಪ್ರೇತ. ಮರುದಿನ ಒಬ್ಬ ಹೆಂಗಸು ನೀರಿಗೆ ಬಿದ್ದು ಸತ್ತರೆ ಅವಳು ಇವನ ಸ್ಥಾನಕ್ಕೆ ಬಂದು ಇವನಿಗೆ ಮರುಹುಟ್ಟು. ಹೆಂಗಸು ಬೀಳುತ್ತಾಳೆ, ಕೈಯಲ್ಲಿದ್ದ ಕೂಸು ದಡದಲ್ಲಿ ಅಳುತ್ತದೆ, ಅವಳು ಮುಳುಗುತ್ತ ಏಳುತ್ತ ಹೇಗೋ ದಡಕ್ಕೆ ಬರುತ್ತಾಳೆ. ತನ್ನೊಬ್ಬನಿಗಾಗಿ ಎರಡು ಜೀವ ಬೇಡವೆಂದು ಅವನು ಬಿಟ್ಟುಬಿಟ್ಟನು. ಆ ಕರುಣೆಗಾಗಿ ಅವನನ್ನು ದೂರದ ಒಂದು ಊರಿನ ಕ್ಷೇತ್ರದೇವತೆಯನ್ನಾಗಿ ನೇಮಿಸಲಾಯಿತು. ಬೆಸ್ತನು ನೂರಾರು ಲೀ ದಾರಿ ನಡೆದು ಗೆಳೆಯನ ಗುಡಿಗೆ ಹೋಗಿ, ತಂದಿದ್ದ ಮದ್ಯವನ್ನು ಮೊದಲಿನಂತೆಯೇ ನೆಲಕ್ಕೆ ಸುರಿಯುತ್ತಾನೆ. ಕನಸಿನಲ್ಲಿ ಅಪ್ಪಣೆಯಾಗಿದ್ದ ಊರವರು ಅವನನ್ನು ಉಪಚರಿಸಿ ಉಡುಗೊರೆ ಕೊಟ್ಟು ಬೀಳ್ಕೊಡುತ್ತಾರೆ. ಊರಾಚೆ ಒಂದು ಸುಂಟರಗಾಳಿ ಎದ್ದು ಹತ್ತು ಲೀಗಿಂತ ಹೆಚ್ಚು ದೂರ ಅವನ ಜೊತೆಜೊತೆಗೆ ಬರುತ್ತದೆ. ಅವನು ನಿಂತು ಕೈಮುಗಿದು, ಇನ್ನು ಸಾಕು, ಇಷ್ಟು ದೂರ ಬರಬೇಡ ಎನ್ನುತ್ತಾನೆ. ಗಾಳಿಯು ಸ್ವಲ್ಪ ಹೊತ್ತು ಅಲ್ಲಿಯೇ ಸುಳಿದು ಹಿಂದಿರುಗುತ್ತದೆ.